ಎರವಲು ಹೋದ ಮೀಸಲು ಭಾಷಣಕಾರ್ತಿ

ವಿದೇಶದಲ್ಲಿ ನಮ್ಮ ಕಾಲೇಜಿನ ಚರ್ಚಾ ತಂಡ ಸೋತಿತು. ಅದನ್ನು ಸೋಲಿಸಿದವಳು ನಮ್ಮ ಕಾಲೇಜಿನದೇ ಹುಡುಗಿ. ಈ ಎರಡು ವಾಕ್ಯಗಳನ್ನು ಒಂದರ ಪಕ್ಕ ಒಂದು ಇಟ್ಟು ಬರೆಯುವ ಧೈರ್ಯ ಕಾಲೇಜಿಗೆ ಇಂದಿಗೂ ಬಂದಿಲ್ಲವಾದ್ದರಿಂದ ಆ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ. ಸೋತ ತಂಡದಲ್ಲಿ ನಾನೂ ಇದ್ದೆ. ಹಾಗಾಗಿ ಗೆಲ್ಲಲಾಗದವಳು ಹೊಟ್ಟೆಕಿಚ್ಚಿಗೆ ಬರೆದಳು ಎಂದು ಯಾರಾದರೂ ಅಂದರೆ, ಗೆದ್ದವಳ ಪರವಾಗಿಯೇ ಬರೆಯುತ್ತಿದ್ದೇನೆಂದು ಅವರಿಗೆ ಮೊದಲೇ ತಿಳಿಸಿಬಿಡುತ್ತೇನೆ.

ಆಂಧ್ರದ ಗಡಿಯೊಳಗಿರುವ ನಮ್ಮ ರಾಯದುರ್ಗದ ಮನೆಮನೆಯಲ್ಲೂ ಆಗ ಜೀನ್ಸ್ ಪ್ಯಾಂಟಿನ ಯಾವುದಾದರೊಂದು ತುಂಡು ತಯಾರಾಗುತ್ತಿತ್ತು. ನಮ್ಮ ಬೀದಿಯಲ್ಲಿ ಜೇಬು, ಹಿಂದಿನ ಬೀದಿಯಲ್ಲಿ ಜಿಪ್ಪು, ಸ್ಟೇಷನ್ ಕಡೆ ಸೊಂಟದ ಪಟ್ಟಿ. ನನ್ನ ಅವ್ವ ಜೇಬಿನವಳು. ಇಡೀ ಪ್ಯಾಂಟನ್ನು ನಾನೊಬ್ಬನೇ ಹೊಲಿದೆ ಎನ್ನಬಲ್ಲವರು ನಮ್ಮ ಬೀದಿಗಳಲ್ಲಿ ಸಿಗುತ್ತಿರಲಿಲ್ಲ. ಇಂಥ ಊರಿನ ಒಂದು ಖಾಸಗಿ ಪದವಿ ಕಾಲೇಜಿಗೆ ಇಂಗ್ಲೆಂಡಿನ ಉತ್ತರ ಭಾಗದ ಮೂರು ಕಾಲೇಜುಗಳು ಸೇರಿ ಒಂದು ಆಹ್ವಾನ ಕಳಿಸಿದವು. ಸಣ್ಣ ಊರಿನ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಮೂವರು ವಿದ್ಯಾರ್ಥಿಗಳು ಮತ್ತು ಒಬ್ಬ ಅಧ್ಯಾಪಕರು ಬರಬೇಕು, ಮೂರು ಊರುಗಳಲ್ಲಿ ಒಂದೊಂದು ಚರ್ಚೆ, ಮೂವರೂ ಮಾತಾಡಬೇಕು. ಅವರ ಷರತ್ತು ಇಷ್ಟೇ.

ನಮ್ಮ ಸೀಮೆಯ ಖಾಸಗಿ ಕಾಲೇಜುಗಳಲ್ಲಿ ಆಡಳಿತದ ಯಜಮಾನನನ್ನು ಕರೆಸ್ಪಾಂಡೆಂಟ್ ಎನ್ನುತ್ತಾರೆ. ನಮ್ಮ ಕರೆಸ್ಪಾಂಡೆಂಟರಿಗೆ ಕಣೇಕಲ್ಲು ಕಡೆ ಕಾಲುವೆ ಗದ್ದೆಯೂ, ಊರಲ್ಲಿ ಕಾಲೇಜೂ ಇದ್ದವು. ಎರಡನ್ನೂ ಅವರು ಒಂದೇ ಬಗೆಯಲ್ಲಿ ನೋಡಿಕೊಳ್ಳುತ್ತಿದ್ದರು. ತಂಡದ ಆಯ್ಕೆಗೆ ನಡೆದ ಸ್ಪರ್ಧೆಯಲ್ಲಿ ಮೊದಲ ಸ್ಥಾನ ಮಡಕಶಿರಾ ಕಡೆಯ ನನ್ನ ಗೆಳತಿಗೆ ಬಂತು. ಎರಡನೆಯದು ನನಗೆ. ಮೂರನೆಯ ಸ್ಥಾನ ಮೊದಲು ಬೆಳುಗುಪ್ಪದ ಒಬ್ಬ ಹುಡುಗನಿಗೆ ಬಂದಿತ್ತು. ಮಧ್ಯಾಹ್ನದ ಊಟವಾದ ಮೇಲೆ ತೀರ್ಪುಗಾರರು ಮತ್ತೊಮ್ಮೆ ಯೋಚಿಸಿದಾಗ ಅದು ಕರೆಸ್ಪಾಂಡೆಂಟರ ಸೋದರಳಿಯನಿಗೆ ಹೋಯಿತು. ಬೊಮ್ಮನಹಾಳ್ ಕಡೆಯ ಈ ಸೋದರಳಿಯನ ತಂದೆ, ತಾಯಿ, ಇಬ್ಬರು ಅಕ್ಕಂದಿರು ಎಲ್ಲರೂ ಪದವೀಧರರು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡವನು ಎಂಬ ಮಾತನ್ನು ಅವನಿಗೆ ಹೇಗೆ ಹೊಂದಿಸಿದರೋ ನನಗೆ ತಿಳಿಯದು. ಪ್ರಾಂಶುಪಾಲರನ್ನು ಕೇಳಿದ್ದಕ್ಕೆ, 'ಈ ಕಾಲೇಜಿಗೆ ಅವರ ಮನ್ಯಾಗ ಅವನೇ ಮೊದಲು ಬಂದಾನವ್ವ' ಎಂದರು.

ಗೆಳತಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅವಳದು ರಾಗಿ, ಕಡಲೆಕಾಯಿಯ ಜೊತೆಗೆ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ಮನೆ. ಅಣ್ಣ ಅತ್ತಿಗೆ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗಿದ್ದರು. ಸೋದರತ್ತೆ ರಾಯದುರ್ಗಕ್ಕೆ ಬಂದು ಸೊಂಟದ ಪಟ್ಟಿ ಹೊಲಿಯುತ್ತಿದ್ದಳು. ಗೆಳತಿ ಆ ಅತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಹುಳುಗಳು ಗೂಡು ಕಟ್ಟುವ ಮುಂಚಿನ ವಾರ ಅವುಗಳ ಹಸಿವೆಗೆ ಮಿತಿಯಿರುವುದಿಲ್ಲ. ಸೊಪ್ಪು ಹಾಕುವ ಕೈಗೆ ಬಿಡುವಿಲ್ಲ. ಪ್ರತಿ ಬೆಳೆಗೂ ಆ ವಾರ ಅವಳು ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಊರಿಗೆ ಹೋಗಿ ಸೊಪ್ಪು ಹಾಕಿ ಬರುತ್ತಿದ್ದಳು. ಅವಳಿಲ್ಲದೆ ಅವಳ ಅಪ್ಪನಿಗೆ ಆ ಕೆಲಸ ಸಾಗುತ್ತಿರಲಿಲ್ಲ. ಮಗಳು ವಿದೇಶಕ್ಕೆ ಹೋಗುವ ಹೊತ್ತು ಸರಿಯಾಗಿ ಅದೇ ವಾರಕ್ಕೆ ಬಂದಾಗ ಅವರು ಆ ಸಲ ಹುಳುವನ್ನೇ ತರಲಿಲ್ಲ. ಒಂದು ಇಡೀ ಬೆಳೆಯನ್ನು ಕೈಬಿಟ್ಟರು.

ಅದನ್ನು ತಿಳಿಸಲೆಂದೇ ಅವರು ಕಾಲೇಜಿಗೆ ಬಂದಿದ್ದರು. ಪ್ರಾಂಶುಪಾಲರ ಕೋಣೆಯಲ್ಲಿ ನಿಂತೇ ಹೇಳಿದರು.

'ಒಂದು ಬೆಳೆ ಬಿಟ್ಟಿದ್ದೀನಿ ಸಾರ್. ಅವಳು ಅಲ್ಲಿ ಹೋಗಿ ಬಾಯಿ ಬಿಡಬೇಕು. ಊರು ನೋಡ್ಕಂಡು ಬರಾಕಲ್ಲ ಕಳಿಸ್ತಿರಾದು.'

'ಬಿಡಿಸ್ತೀವ್ರಿ ಯಜಮಾನ್ರ. ಆ ಜವಾಬ್ದಾರಿ ನಂದು. ನೀವು ಆರಾಮ ಹೋಗ್ರಿ.'

'ನಿಮ್ದೇ ಅಲ್ವಾ ಸಾರ್?'

'ನಂದ ಅಂದ್ನೆಲ್ಲ.'

ಪ್ರಾಂಶುಪಾಲರು ವೇದಿಕೆಯ ಮೇಲೆ ಇಂಗ್ಲಿಷ್, ಕಚೇರಿಯಲ್ಲಿ ತೆಲುಗು, ಮಾತು ಕೊಡುವಾಗ ಮತ್ತು ಸಿಟ್ಟು ಬಂದಾಗ ಕನ್ನಡ ಆಡುತ್ತಿದ್ದರು. ಅಂದು ಕೊಟ್ಟ ಆ ಕನ್ನಡದ ಮಾತಿಗೆ ನಾನು ಸಾಕ್ಷಿ.

ತಯಾರಿ ಶುರುವಾದದ್ದು ಊರಿನ ಉದ್ಯಮದ ಕ್ರಮದಲ್ಲೇ. ಭಾಷಣದ ಆರಂಭವನ್ನು ಪ್ರಾಂಶುಪಾಲರು ತಾವು ಹಿಂದೆಂದೋ ಮಾಡಿದ್ದ ಉದ್ಘಾಟನಾ ಭಾಷಣದಿಂದ ಕತ್ತರಿಸಿ ತಂದರು. ನಡುವಿನ ವಾದವನ್ನು ನಾನು ಬರೆಯಬೇಕು, ಅದಕ್ಕೆ ಬೇಕಾದ ವಿಷಯವನ್ನು ಗೆಳತಿ ಗ್ರಂಥಾಲಯದಲ್ಲಿ ಕೂತು ಹುಡುಕಬೇಕು. ಮುಕ್ತಾಯದಲ್ಲಿ ಕರೆಸ್ಪಾಂಡೆಂಟರಿಗೆ ಇಷ್ಟವಾದ, ಎಲ್ಲ ಸಮಾರಂಭಗಳಿಗೂ ಹೊಂದುವ ದೇಶಭಕ್ತಿಯ ನಾಲ್ಕು ಮಾತು. ಎಲ್ಲವನ್ನೂ ಜೋಡಿಸಿ, ಇಸ್ತ್ರಿ ಮಾಡಿ, ಸೋದರಳಿಯನ ಬಾಯಿಗೆ ತೊಡಿಸಬೇಕು. ಎದುರಾಳಿಗಳಿಗೆ ಕೊಡುವ ಉತ್ತರವೂ ಮೊದಲೇ ಸಿದ್ಧವಾಗಿತ್ತು. ಎದುರಾಳಿಗಳು ಏನು ಹೇಳುತ್ತಾರೆಂದು ಪ್ರಾಂಶುಪಾಲರೇ ತೀರ್ಮಾನಿಸಿ, ಅದಕ್ಕೆ ಖಂಡನೆಯನ್ನೂ ಬರೆದು, ಕಂಠಪಾಠ ಮಾಡಿಸಿದ್ದರು.

ಪ್ರಯಾಣದ ಸಿದ್ಧತೆಯೆಲ್ಲ ಮುಗಿದ ಮೇಲೆ ಅವರು ಗೆಳತಿಯನ್ನು ಕರೆದು ಅವಳು ಮೀಸಲು ಭಾಷಣಕಾರ್ತಿ ಎಂದು ಘೋಷಿಸಿದರು. ಬರೆದುಕೊಟ್ಟದ್ದನ್ನು ಬಿಟ್ಟು ತನಗೆ ತೋಚಿದ್ದನ್ನು ಮಾತಾಡುವುದು ಅವಳ ದೋಷವಂತೆ. ಚರ್ಚೆಯಲ್ಲಿ ಅದನ್ನೇ ಗುಣವೆನ್ನುತ್ತಾರೆಂದು ಅವರಿಗೆ ಯಾರೂ ಹೇಳಿರಲಿಲ್ಲ.

'ಮೂರು ಜನಾನೂ ಮಾತಾಡ್ಬೇಕು ಅಂತ ಅವರೇ ಬರೆದವ್ರಲ್ಲ ಸಾರ್?' ಎಂದಳು ಅವಳು.

'ಬರದಾರ. ಬರದಿದ್ದೆಲ್ಲಾ ಮಾಡಾಕ ಆಗ್ತೈತೇನು? ಕ್ರಿಕೆಟ್‌ನಾಗ ಹನ್ನೆರಡನೇ ಆಟಗಾರ ಇರಂಗಿಲ್ಲೇನು? ಅದೂ ಒಂದು ಗೌರವನ.'

'ಅವನು ನೀರು ಕೊಡ್ತಾನೆ ಸಾರ್.'

'ಹಂಗಾರ ನೀನೂ ಕೊಡು.'

ಹೀಗೆ ಆಯ್ಕೆಯಲ್ಲಿ ಮೊದಲು ಬಂದವಳು ನೀರಿನ ಬಾಟಲಿ ಹಿಡಿದು ವಿಮಾನ ಹತ್ತಿದಳು. ಅವಳನ್ನು ಊರಲ್ಲೇ ಬಿಡುವಂತಿರಲಿಲ್ಲ. ಹಿಪ್ಪುನೇರಳೆ ಸೊಪ್ಪಿನ ಬುಟ್ಟಿ ಹಿಡಿಸಿ ತೆಗೆದ ಅವಳ ಚಿತ್ರವನ್ನು 'ಗ್ರಾಮೀಣ ಪ್ರತಿಭೆ' ಎಂದು ಆಗಲೇ ಅಲ್ಲಿಗೆ ಕಳಿಸಿಯಾಗಿತ್ತು. ಪ್ರಾಂಶುಪಾಲರ ಜೊತೆಗೆ ಕರೆಸ್ಪಾಂಡೆಂಟರೂ ಅವರ ಧರ್ಮಪತ್ನಿಯೂ ಬಂದರು. ಮೂವರು ವಿದ್ಯಾರ್ಥಿಗಳಿಗೆ ಮೂವರು ಹಿರಿಯರು. ಅದರಲ್ಲಿ ಮಾತಾಡುವವರು ಇಬ್ಬರು.

ಮೊದಲ ಕಾಲೇಜಿನಲ್ಲಿ ನಡೆದದ್ದನ್ನು ನೆನೆದರೆ ನನಗೆ ಈಗಲೂ ನಗು ತಡೆಯುವುದಿಲ್ಲ. ಆ ಕಡೆಯ ಚರ್ಚೆಗಳಲ್ಲಿ ಒಬ್ಬರು ಮಾತಾಡುತ್ತಿರುವಾಗ ಎದುರು ಪಕ್ಷದವರು ಪ್ರಶ್ನೆ ಕೇಳಬೇಕೆನಿಸಿದರೆ ಸುಮ್ಮನೆ ಎದ್ದು ನಿಲ್ಲುತ್ತಾರೆ. ಮಾತಾಡುತ್ತಿರುವವರು ಇಷ್ಟವಿದ್ದರೆ ಪ್ರಶ್ನೆಯನ್ನು ತೆಗೆದುಕೊಳ್ಳಬಹುದು, ಇಲ್ಲವಾದರೆ ಕೂರಿಸಬಹುದು. ನಮ್ಮ ಕಾಲೇಜಿನಲ್ಲಿ ಭಾಷಣದ ನಡುವೆ ಜನ ಎದ್ದು ನಿಲ್ಲುವುದು ಒಂದೇ ಕಾರಣಕ್ಕೆ: ಕರೆಸ್ಪಾಂಡೆಂಟರು ಬಾಗಿಲಲ್ಲಿ ಕಾಣಿಸಿಕೊಂಡಾಗ. ಆಗ ಭಾಷಣ ಮಾಡುವವರು ಮಾತು ನಿಲ್ಲಿಸಿ, ಬಾಗಿಲ ಕಡೆ ತಿರುಗಿ, ಕೈಮುಗಿಯಬೇಕು. ಸೋದರಳಿಯನ ದೇಹಕ್ಕೆ ಅದು ರಕ್ತಗತವಾಗಿತ್ತು. ಅವನು ಪರೀಕ್ಷೆಗಳ ಅಗತ್ಯವನ್ನು ಸಾರುತ್ತಿದ್ದಾಗ ಎದುರಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ಇವನು ತಕ್ಷಣ ಮಾತು ನಿಲ್ಲಿಸಿ ಬಾಗಿಲಿಗೆ ತಿರುಗಿ ಕೈಮುಗಿದ. ಬಾಗಿಲಲ್ಲಿ ಯಾರೂ ಇರಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಕರೆಸ್ಪಾಂಡೆಂಟರು ತಮಗಿಂತ ದೊಡ್ಡವರು ಯಾರು ಬಂದರೆಂದು ಗಾಬರಿಯಿಂದ ಎದ್ದು ಕೋಟಿನ ಗುಂಡಿ ಹಾಕಿಕೊಂಡರು. ಅವರು ಎದ್ದದ್ದನ್ನು ಕಂಡು ಪ್ರಾಂಶುಪಾಲರು ಎದ್ದರು, ಧರ್ಮಪತ್ನಿ ಎದ್ದರು. ಇದು ಭಾರತೀಯರ ಯಾವುದೋ ಪವಿತ್ರ ಘಳಿಗೆಯಿರಬೇಕೆಂದುಕೊಂಡ ಆತಿಥೇಯರು ಒಬ್ಬೊಬ್ಬರಾಗಿ ಎದ್ದು ತಲೆ ಬಾಗಿಸಿದರು. ಪ್ರಶ್ನೆ ಕೇಳಲು ಎದ್ದಿದ್ದ ಹುಡುಗಿ ತಾನೇನು ತಪ್ಪು ಮಾಡಿದೆನೋ ಎಂದು ಅಳುಮುಖ ಮಾಡಿಕೊಂಡು ಕೂತುಬಿಟ್ಟಳು.

'ಪ್ರಶ್ನೆ ಅಂತೆ ಸಾರ್, ಎದ್ದಿದ್ದು' ಎಂದು ಗೆಳತಿ ಪಿಸುಗುಟ್ಟಿದಳು.

'ಪ್ರಶ್ನೆ ಇದ್ರ ಬಾಯಿಲೆ ಕೇಳಬೇಕು. ಎದ್ದು ನಿಂತು ಹೆದರಿಸ್ತಾರೇನು?' ಎಂದರು ಪ್ರಾಂಶುಪಾಲರು.

ಅಂದು ನಾವು ಸೋತೆವು. ಆದರೆ ನಮ್ಮ ಸಂಸ್ಕೃತಿಯನ್ನು ಆತಿಥೇಯರು ಬಹಳ ಮೆಚ್ಚಿದರು.

ಎರಡನೆಯ ಊರಿನಲ್ಲಿ ಪ್ರಾಣಿಸಂಗ್ರಹಾಲಯಗಳನ್ನು ಮುಚ್ಚಬೇಕೆ ಎಂಬುದು ವಿಷಯ. ಸೋದರಳಿಯನಿಗೆ ಎದ್ದು ನಿಂತವರನ್ನು ಕೂರಿಸುವುದನ್ನು ಕಲಿಸಲಾಗಿತ್ತು, ಹಾಗಾಗಿ ಬಾಗಿಲ ಗಂಡಾಂತರ ತಪ್ಪಿತು. ಆದರೆ ಕಂಠಪಾಠದ ಖಂಡನೆ ಉಳಿದಿತ್ತಲ್ಲ. 'ಎದುರಾಳಿಗಳು ಈಗ ತಾನೇ ಹೇಳಿದಂತೆ ಸಿಂಹವು ಕಾಡಿನ ರಾಜನಾದರೆ' ಎಂದು ಅವನು ಗುಡುಗಿದ. ಎದುರಾಳಿಗಳು ಸಿಂಹದ ಹೆಸರನ್ನೇ ಎತ್ತಿರಲಿಲ್ಲ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲೊಬ್ಬ ಎದ್ದು, 'ನಾವು ಅದನ್ನು ಹೇಳಲಿಲ್ಲ, ಆದರೆ ಹೇಳಬಹುದಿತ್ತು, ನೆನಪಿಸಿದ್ದಕ್ಕೆ ಧನ್ಯವಾದ' ಎಂದ. ಸಭೆ ನಕ್ಕಿತು. ಕರೆಸ್ಪಾಂಡೆಂಟರು ಅದನ್ನು ಮೆಚ್ಚುಗೆಯೆಂದು ತಿಳಿದು ಚಪ್ಪಾಳೆ ತಟ್ಟಿದರು.

ಆ ಸಂಜೆ ಹಾಸ್ಟೆಲಿನ ಅಡುಗೆಮನೆಯಲ್ಲಿ ನಾನು ಗೆಳತಿಗೆ ಹೇಳಿದೆ: 'ನಾಳಿನದು ಕಡೇದು. ನನ್ನ ಜಾಗಕ್ಕ ನೀ ಮಾತಾಡು. ನಾ ತಲಿನೋವು ಅಂತೀನಿ.'

ಅವಳು ಬ್ರೆಡ್ಡಿಗೆ ಊರಿಂದ ತಂದಿದ್ದ ಕಡಲೆಕಾಯಿ ಚಟ್ನಿಪುಡಿ ಹಾಕಿಕೊಳ್ಳುತ್ತಿದ್ದಳು. ತಲೆಯೆತ್ತಲಿಲ್ಲ.

'ನೀನು ಬಿಟ್ಟುಕೊಟ್ರೆ ಅದು ನಿನ್ನ ದಾನ ಆಯ್ತದೆ ಕಣೆ. ನಂಗೆ ನಂದು ಬೇಕು. ನಾನು ಫಸ್ಟ್ ಬಂದಿದ್ದೀನಿ. ನನ್ನ ಯಾಕೆ ಕೂರಿಸವ್ರೆ ಅಂತ ಅವರು ಹೇಳ್ಲಿ.'

'ಅವರು ಹೇಳಂಗಿಲ್ಲ.'

'ಹಂಗಾದ್ರೆ ನಮ್ಮಪ್ಪನ ಮುಂದೆ ಹೇಳ್ಲಿ. ಬೆಳೆ ಬಿಟ್ಟಿರಾದು ಅಪ್ಪ.'

ಇಬ್ಬರೂ ಪ್ರಾಂಶುಪಾಲರ ಬಳಿಗೆ ಹೋದೆವು. ಗೆಳತಿಯ ಅಪ್ಪನಿಗೆ ಕೊಟ್ಟ ಮಾತನ್ನು ನಾನು ನೆನಪಿಸಿದೆ. ಅವರು ನಾಳೆ ಹೇಳುತ್ತೇನೆಂದರು. ಅಧಿಕಾರದಲ್ಲಿರುವವರು ಇಲ್ಲ ಎನ್ನಲು ಬಳಸುವ ಪದಗಳಲ್ಲಿ 'ನಾಳೆ' ಅತ್ಯಂತ ಸಭ್ಯವಾದದ್ದು. ಜೊತೆಗೆ ನನಗೊಂದು ಎಚ್ಚರಿಕೆಯನ್ನೂ ಕೊಟ್ಟರು: ನಾಳಿನ ವಿಷಯ ಬಟ್ಟೆಗೆ ಸಂಬಂಧಿಸಿದ್ದು, ಆದ್ದರಿಂದ ರಾಯದುರ್ಗದ ಮನೆಗಳ ವಿಚಾರ, ಹೊಲಿಗೆ, ಕೂಲಿ ಇವು ಯಾವುವೂ ಬಾಯಿಂದ ಬರಬಾರದು. 'ಮನೀ ವಿಷಯ ಹೊರಗ ಬ್ಯಾಡ' ಎಂದರು. ನಮ್ಮ ಮನೆಯ ವಿಷಯವನ್ನು ಆ ದೇಶದವರು ಸೊಂಟಕ್ಕೆ ಹಾಕಿಕೊಂಡು ಓಡಾಡುತ್ತಿರಬಹುದಾದಾಗ, ಒಳಗೆ ಯಾವುದು ಹೊರಗೆ ಯಾವುದು ಎಂದು ಪ್ರಾಂಶುಪಾಲರನ್ನು ಕೇಳಬೇಕಿತ್ತು.

ಮೂರನೆಯದು ಒಂದು ಕಾಲಕ್ಕೆ ನೂಲಿನ ಗಿರಣಿಗಳಿಂದ ತುಂಬಿದ್ದ ಊರು. ಗಿರಣಿಗಳು ಈಗ ವಾಸದ ಮನೆಗಳಾಗಿದ್ದವು. ವಿಷಯ ಹೀಗಿತ್ತು: ಹೊಲಿದವರು ಯಾರೆಂದು ಹೇಳದ ಅಂಗಡಿಯಲ್ಲಿ ಬಟ್ಟೆ ಕೊಳ್ಳಬಾರದು. ನಮಗೆ ಬಂದದ್ದು ಪರವಾದ ಪಕ್ಷ. ಅಲ್ಲಿ ಒಂದೊಂದು ಪಕ್ಷಕ್ಕೆ ಮೂವರು. ಪ್ರಾಂಶುಪಾಲರು ತಮ್ಮಲ್ಲಿ ಇಬ್ಬರೇ ಮಾತಾಡುತ್ತಾರೆಂದು ಹಟ ಹಿಡಿದರು. ವಿಚಿತ್ರವೆಂದರೆ ಆತಿಥೇಯರಲ್ಲೂ ಆ ದಿನ ಇಬ್ಬರೇ ಉಳಿದಿದ್ದರು. ಮೂರನೆಯ ಹುಡುಗಿ ಬಟ್ಟೆ ಅಂಗಡಿಯೊಂದರಲ್ಲಿ ಬಿಡುವಿನ ವೇಳೆ ದುಡಿಯುತ್ತಿದ್ದಳು, ಅಂಗಡಿಯವರು ಇದ್ದಕ್ಕಿದ್ದಂತೆ ಪಾಳಿ ಬದಲಿಸಿದ್ದರು. ಚರ್ಚೆಯನ್ನು ನಡೆಸಿಕೊಡುತ್ತಿದ್ದ ಅಧ್ಯಾಪಕಿ ನಮ್ಮ ಸಾಲನ್ನು ನೋಡಿ, ನೀರಿನ ಬಾಟಲಿ ಹಿಡಿದಿದ್ದವಳ ಕಡೆ ಕೈ ತೋರಿಸಿದರು.

'ಇವರು ಮಾತಾಡುವುದಿಲ್ಲವೆ?'

'ಮೀಸಲು' ಎಂದರು ಪ್ರಾಂಶುಪಾಲರು.

'ಹಾಗಾದರೆ ನಮಗೆ ಎರವಲು ಕೊಡುತ್ತೀರಾ?'

ಪ್ರಾಂಶುಪಾಲರ ಮುಖ ಅರಳಿತು. ಎದುರು ಪಕ್ಷಕ್ಕೆ ಹೋದರೆ ಅವಳು ಏನು ಮಾತಾಡಿದರೂ ನಮ್ಮ ಹೆಸರಿಗೆ ಅಂಟುವುದಿಲ್ಲ. ಮೇಲಾಗಿ ಔದಾರ್ಯ ನಮ್ಮದಾಗುತ್ತದೆ. ಮದುವೆ ಮನೆಗೆ ದೊಡ್ಡ ಹಂಡೆ ಕೊಟ್ಟಷ್ಟೇ ಸುಲಭವಾಗಿ ಅವರು ಒಪ್ಪಿದರು. ಗೆಳತಿ ನನ್ನತ್ತ ಬಾಗಿ, 'ಇದು ನನ್ನ ಜಾಗ ಅಲ್ಲ, ಆದ್ರೆ ದಾನಾನೂ ಅಲ್ಲ. ಅವರಿಗೆ ಆಳು ಬೇಕು, ಹೋಯ್ತಿದ್ದೀನಿ' ಎಂದು ಬಾಟಲಿಯನ್ನು ಸೋದರಳಿಯನ ಕೈಗಿಟ್ಟು ಸಭಾಂಗಣವನ್ನು ದಾಟಿ ಎದುರಿನ ಸಾಲಿನಲ್ಲಿ ಕೂತಳು.

ಸೋದರಳಿಯನ ಭಾಷಣದ ಒಂದೊಂದು ಹೊಲಿಗೆಯೂ ಅವಳಿಗೆ ಗೊತ್ತಿತ್ತು. ಅದಕ್ಕೆ ಬೇಕಾದದ್ದನ್ನು ಹುಡುಕಿಕೊಟ್ಟವಳೇ ಅವಳು. ಅವನು 'ಎದುರಾಳಿಗಳು ಹೇಳಿದಂತೆ' ಎನ್ನುವ ಜಾಗ ಬರುವ ತುಸು ಮುಂಚೆ ಎದ್ದು ನಿಂತು, 'ನೀವು ಈಗ ನಾವು ಹೇಳದ ಒಂದು ಮಾತಿಗೆ ಉತ್ತರ ಕೊಡಲಿದ್ದೀರಿ. ನಾವು ಹೇಳಿದ್ದಕ್ಕೆ ಯಾವಾಗ ಕೊಡುತ್ತೀರಿ?' ಎಂದಳು. ಅವನು ತಡವರಿಸಿದ. ಮುಂದಿನ ವಾಕ್ಯ ಮರೆತ. ಮರೆತಾಗ ಮೊದಲಿನಿಂದ ಶುರುಮಾಡುವುದು ನಮ್ಮ ಕಂಠಪಾಠದ ಪದ್ಧತಿ. ಹಾಗಾಗಿ ಸಭೆಯಲ್ಲಿದ್ದ ಗಣ್ಯರನ್ನು ಅವನು ಇನ್ನೊಮ್ಮೆ ಆದಿಯಿಂದ ಸಂಬೋಧಿಸಿದ. ಗಣ್ಯರು ಮುಗಿಯುವ ಮೊದಲೇ ಗಂಟೆ ಹೊಡೆಯಿತು.

ನಂತರ ಅವಳ ಸರದಿ. ಅವಳ ಇಂಗ್ಲಿಷಿನಲ್ಲಿ ಮಡಕಶಿರಾ ಧಾರಾಳವಾಗಿತ್ತು, ಅರ್ಥವಾಗದ ಮಾತು ಒಂದೂ ಇರಲಿಲ್ಲ. 'ನನ್ನ ಅತ್ತೆ ಪ್ಯಾಂಟಿನ ಸೊಂಟದ ಪಟ್ಟಿ ಹೊಲಿಯುತ್ತಾಳೆ' ಎಂದೇ ಆರಂಭಿಸಿದಳು. ಪ್ರಾಂಶುಪಾಲರು ಕಣ್ಣು ಮುಚ್ಚಿಕೊಂಡರು. 'ನೀವು ಹೆಸರು ಕೇಳಿದರೆ ಅಂಗಡಿಯವನು ಒಂದು ಹೆಸರು ಕೊಡುತ್ತಾನೆ. ಅದು ನನ್ನ ಅತ್ತೆಯದಲ್ಲ, ಮಾಲೀಕನದು. ಹೆಸರು ಸಿಕ್ಕಿತೆಂಬ ಸಮಾಧಾನದಲ್ಲಿ ನೀವು ಪ್ಯಾಂಟು ಕೊಳ್ಳುತ್ತೀರಿ. ಈಗ ನಿಮಗೆ ಒಂದಿಷ್ಟು ಅಳುಕಾದರೂ ಇದೆ. ಆಮೇಲೆ ಅದೂ ಇರುವುದಿಲ್ಲ. ಆ ಅಳುಕನ್ನು ಅಷ್ಟು ಅಗ್ಗಕ್ಕೆ ಮಾರಿಕೊಳ್ಳಬೇಡಿ.'

ಕೊನೆಗೆ ನಾನು ಎದ್ದೆ. ಬರೆದಿಟ್ಟುಕೊಂಡದ್ದು ಅವಳ ಮಾತಿನ ಮುಂದೆ ನಿಲ್ಲುವಂತಿರಲಿಲ್ಲ. ಅದನ್ನು ಮಡಿಚಿಟ್ಟು ಹೇಳಿದೆ: ಕೊಟ್ಟ ಹೆಸರು ಸುಳ್ಳೇ ಆಗಿರಲಿ, ಸುಳ್ಳು ಹೇಳಿದವನನ್ನು ಹಿಡಿಯಬೇಕಾದರೂ ಅವನು ಮೊದಲು ಏನನ್ನಾದರೂ ಹೇಳಿರಬೇಕು. ಏನೂ ಹೇಳದವನನ್ನು ಯಾರೂ ಹಿಡಿಯಲಾರರು. ಅವಳು ಎದ್ದು ನಿಂತಳು. ಪ್ರಶ್ನೆ ತೆಗೆದುಕೊಂಡೆ.

'ಸರಿ, ಸುಳ್ಳು ಹೇಳಿದ. ಹಿಡಿಯುವವರು ಯಾರು?'

ಆ ಪ್ರವಾಸದ ಒಂದೇ ಒಂದು ನಿಜವಾದ ಚರ್ಚೆ ಅದು. ನಾನು ಕೊಟ್ಟ ಉತ್ತರ ಸಾಲದೆಂದು ನನಗೂ ಗೊತ್ತಾಯಿತು, ಸಭೆಗೂ ಗೊತ್ತಾಯಿತು.

ಆ ಕಾಲೇಜಿನಲ್ಲಿ ಮತ ಹಾಕಲು ಕೈಯೆತ್ತುವುದಿಲ್ಲ. ಪರವಾದವರು ಪಕ್ಕದ ಸಣ್ಣ ಬಾಗಿಲಿಂದ, ವಿರೋಧವಾದವರು ಮುಂದಿನ ದೊಡ್ಡ ಬಾಗಿಲಿಂದ ಹೊರಗೆ ಹೋಗಬೇಕು. ಅಧ್ಯಾಪಕಿ ಇದನ್ನು ಸ್ಪಷ್ಟವಾಗಿ ವಿವರಿಸಿದ್ದರು. ಆದರೆ ನಮ್ಮ ಕರೆಸ್ಪಾಂಡೆಂಟರು ಹುಟ್ಟಿದಾರಭ್ಯ ಸಣ್ಣ ಬಾಗಿಲಿಂದ ಹೋದವರಲ್ಲ. ಸಣ್ಣ ಬಾಗಿಲನ್ನೊಮ್ಮೆ, ಅಲ್ಲಿ ಕಾಯುತ್ತಿದ್ದ ವಿದ್ಯಾರ್ಥಿಗಳ ಸಾಲನ್ನೊಮ್ಮೆ ನೋಡಿ, ದೊಡ್ಡ ಬಾಗಿಲಿಂದ ಗಂಭೀರವಾಗಿ ನಡೆದರು. ಅವರ ಹಿಂದೆ ಧರ್ಮಪತ್ನಿ, ಅವರ ಹಿಂದೆ ಪ್ರಾಂಶುಪಾಲರು. ಹೀಗೆ ನಮ್ಮ ಆಡಳಿತ ಮಂಡಳಿ ಒಮ್ಮತದಿಂದ ನಮ್ಮ ತಂಡದ ವಿರುದ್ಧ ಮತ ಹಾಕಿತು. ಸೋಲಿನ ಅಂತರ ಆ ಮೂವರ ನಿಯೋಗಕ್ಕಿಂತ ದೊಡ್ಡದಾಗಿರಲಿಲ್ಲ.

ಗೆದ್ದವರಿಗೆ ಒಂದು ಮರದ ಫಲಕ ಕೊಟ್ಟರು. ಆತಿಥೇಯ ಹುಡುಗರು ಅದನ್ನು ಗೆಳತಿಯ ಕೈಗೇ ಕೊಟ್ಟು, ನೀನೇ ಇಟ್ಟುಕೋ ಎಂದರು. ವಿಮಾನದಲ್ಲಿ ಪ್ರಾಂಶುಪಾಲರು ಅದನ್ನು ಭದ್ರತೆಯ ದೃಷ್ಟಿಯಿಂದ ತಮ್ಮ ಚೀಲಕ್ಕೆ ಹಾಕಿಕೊಂಡರು.

ಊರಿಗೆ ಬಂದ ಕೆಲವೇ ದಿನಗಳಲ್ಲಿ ಸ್ಥಳೀಯ ಪತ್ರಿಕೆಯಲ್ಲಿ ಸೋದರಳಿಯ ಫಲಕ ಹಿಡಿದು ನಗುತ್ತಿದ್ದ. ವಿದೇಶದಲ್ಲಿ ನಮ್ಮ ಕಾಲೇಜಿಗೆ ವಿಜಯ; ಇಬ್ಬರು ವಿದ್ಯಾರ್ಥಿನಿಯರು ಸಹಕರಿಸಿದರು ಎಂದಿತ್ತು ಸುದ್ದಿ. ನಾವಿಬ್ಬರೂ ಆ ಪುಟ ಹಿಡಿದುಕೊಂಡು ಪ್ರಾಂಶುಪಾಲರ ಕೋಣೆಗೆ ಹೋದೆವು. ಸುಳ್ಳನ್ನು ಅಚ್ಚಿನಲ್ಲೇ ಹೇಳಿದ್ದರು. ನನ್ನ ವಾದದ ಪ್ರಕಾರ ಇನ್ನು ಹಿಡಿಯುವುದಷ್ಟೇ ಬಾಕಿ.

'ಇದನ್ನ ತಿದ್ದಿಸ್ರಿ ಸಾರ್' ಎಂದೆ. 'ಗೆದ್ದಾಕಿ ಈಕಿ.'

'ಈಕಿ ಯಾವ ಪಕ್ಷದಾಗ ಗೆದ್ಲು?'

'ಎದುರು ಪಕ್ಷದಾಗ.'

'ಹೂಂ. ಈಕಿ ಗೆದ್ದದ್ದು ಬರದ್ರ, ನಾವು ಸೋತದ್ದೂ ಬರೀಬೇಕಾಗ್ತೈತಿ. ನಾವು ಸೋತೀವಂದ್ರ ಮುಂದಿನ ವರ್ಷ ಕರೀತಾರೇನು? ಕರೀಲಿಲ್ಲಂದ್ರ ನಷ್ಟ ಯಾರಿಗೆ? ನಿಮ್ಮಂಥ ಬಡ ಮಕ್ಕಳಿಗೆ. ನಿಮ್ಮ ಸಲುವಾಗೇನ ಬರದೀನವ್ವ.'

'ಹಂಗಾದ್ರೆ ಫಲಕ ಯಾಕೆ ತಗಂಡ್ರಿ ಸಾರ್? ಸೋತೋರಿಗೆ ಅದ್ಯಾಕೆ?' ಎಂದಳು ಗೆಳತಿ.

'ಈಕಿ ಯಾರು? ನಮ್ಮ ವಿದ್ಯಾರ್ಥಿನಿ. ನಮ್ಮ ವಿದ್ಯಾರ್ಥಿನಿ ಗೆದ್ದದ್ದು ಯಾರ್ದು? ನಮ್ದು.'

ಇದಕ್ಕಿಂತ ಉತ್ತಮವಾದ ವಾದವನ್ನು ನಾನು ಮೂರು ಕಾಲೇಜುಗಳಲ್ಲೂ ಕೇಳಲಿಲ್ಲ. ಇಷ್ಟು ಪ್ರತಿಭೆಯಿದ್ದವರು ನಮಗೆ ಅಂಥ ಭಾಷಣಗಳನ್ನು ಏಕೆ ಬರೆದುಕೊಟ್ಟರೋ.

ಅಭಿನಂದನಾ ಸಮಾರಂಭ ಕಾಲೇಜಿನ ಸಭಾಂಗಣದಲ್ಲಿ ನಡೆಯಿತು. ಸೋದರಳಿಯನಿಗೆ ಶಾಲು, ಹಾರ. ಆ ಶಾಲು ಹಾರಗಳ ತಟ್ಟೆಯನ್ನು ಹಿಡಿದು ವೇದಿಕೆಯ ಮೇಲೆ ನಿಲ್ಲುವ ಕೆಲಸ ಗೆಳತಿಯದು. ಸೋತವನಿಗೆ ಹೊದಿಸುವ ಶಾಲನ್ನು ಗೆದ್ದವಳು ಹಿಡಿದು ನಿಂತಿದ್ದಳು. ಪ್ರಾಂಶುಪಾಲರು ಇಂಗ್ಲಿಷಿನಲ್ಲಿ ವಿಜಯವನ್ನು ವರ್ಣಿಸುತ್ತಿದ್ದಾಗ ಹಿಂದಿನ ಬೆಂಚಿನಿಂದ ಹೆಗಲ ಮೇಲೆ ಟವೆಲ್ ಹಾಕಿಕೊಂಡಿದ್ದ ಒಬ್ಬರು ಎದ್ದರು. ಗೆಳತಿಯ ಅಪ್ಪ. ಬರುವುದಾಗಿ ಮಗಳಿಗೂ ಹೇಳಿರಲಿಲ್ಲ.

'ಸಾರ್, ಒಂದು ಮಾತು. ನಮ್ಮುಡ್ಗಿ ಅಲ್ಲಿ ಮಾತಾಡಿದ್ಲಾ, ಇಲ್ವಾ?'

ಸಭೆ ತಿರುಗಿ ನೋಡಿತು. ಪ್ರಾಂಶುಪಾಲರು ಕನ್ನಡಕ್ಕೆ ಇಳಿದರು.

'ಕೂತ್ಗೊಳ್ರಿ ಯಜಮಾನ್ರ. ಎಲ್ಲಾರು ಸೇರಿ ಮಾತಾಡ್ಯಾರ.'

'ಎಲ್ರೂ ಸೇರಿ ಭಜನೆ ಮಾಡ್ತಾರೆ ಸಾರ್. ಮಾತಾಡಾದು ಒಬ್ಬೊಬ್ರೆ.'

ಹುಡುಗರ ಸಾಲಿನಲ್ಲಿ ನಗು ಎದ್ದಿತು. ಕರೆಸ್ಪಾಂಡೆಂಟರು ಪ್ರಾಂಶುಪಾಲರ ಕಡೆ ನೋಡಿದರು.

'ನಿಮ್ಮ ಮಗಳನ್ನ ಕೇಳ್ರಿ ಮನ್ಯಾಗ, ಆಕಿನ ಹೇಳ್ತಾಳ.'

'ಅವಳು ಮಾತಾಡ್ದೆ ಅಂದವಳೆ. ಪೇಪರ್‌ನಾಗೆ ಬೇರೆ ಐತಂತೆ, ಓದಿ ಹೇಳಿದ್ರು. ಮಗಳು ಹೇಳಾದು ಮನೆ ಮಾತು. ಜವಾಬ್ದಾರಿ ನಂದು ಅಂದೋರು ನೀವು. ನಿಮ್ಮ ಬಾಯಾಗೆ ಬರ್ಲಿ. ಹೂಂ ಅನ್ರಿ, ಇಲ್ಲ ಅನ್ರಿ, ನಾನು ಕೂತ್ಕಂತೀನಿ.'

ಪ್ರಾಂಶುಪಾಲರು ಮೈಕನ್ನು ಸರಿಪಡಿಸಿದರು. ಮೈಕು ಸರಿಯಾಗಿಯೇ ಇತ್ತು. ಕೊನೆಗೆ, 'ಒಂದು ರೀತಿಯಿಂದ ನೋಡಿದ್ರ, ಮಾತಾಡ್ಯಾಳ' ಎಂದರು.

'ಎಂಗೆ ಮಾತಾಡಿದ್ಲು?'

ಅಷ್ಟು ಹೊತ್ತಿಗೆ ಗೆಳತಿ ತಟ್ಟೆಯನ್ನು ಕರೆಸ್ಪಾಂಡೆಂಟರ ಮುಂದಿನ ಮೇಜಿನ ಮೇಲಿಟ್ಟು ಮೈಕಿನ ಬಳಿ ಬಂದಿದ್ದಳು. ಅಲ್ಲಿ ಇಂಗ್ಲಿಷಿನಲ್ಲಿ ಆಡಿದ್ದನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಿದಳು: ವಿಷಯ ಏನು, ತಾನು ಯಾವ ಸಾಲಿನಲ್ಲಿ ಕೂತೆ, ಅತ್ತೆಯ ಸೊಂಟದ ಪಟ್ಟಿ, ಅಂಗಡಿಯವನು ಕೊಡುವ ಮಾಲೀಕನ ಹೆಸರು, ಅಗ್ಗಕ್ಕೆ ಮಾರಬಾರದ ಅಳುಕು. ಗೆದ್ದದ್ದನ್ನೂ ಹೇಳಿದಳು. ತಡೆಯಲು ಯಾರಿಗೂ ಧೈರ್ಯ ಬರಲಿಲ್ಲ, ಏಕೆಂದರೆ ಸಭೆ ಮೊದಲ ಬಾರಿಗೆ ಕಿವಿಗೊಟ್ಟು ಕೇಳುತ್ತಿತ್ತು.

ಅಪ್ಪ ಇನ್ನೂ ನಿಂತೇ ಇದ್ದರು. ಮೆಚ್ಚುಗೆಯ ಮಾತು ಬರುತ್ತದೆಂದು ನಾನು ಕಾದೆ.

'ಅಲ್ಲ ಕಣಮ್ಮಿ, ಹೆಸರು ಹೇಳ್ಬೇಕಾಗಿಲ್ಲ ಅಂದ್ಯಾ?'

'ಹೇಳಿದ್ರೂ ಪ್ರಯೋಜನ ಇಲ್ಲ ಅಂದೆ.'

'ಎರಡೂ ಒಂದೇ. ನಿಮ್ಮತ್ತೆ ಬೆನ್ನು ಮುರ್ಕಂಡು ಹೊಲೀತಾಳೆ. ಅವಳ ಹೆಸರು ಬ್ಯಾಡ ಅಂತ ಅಲ್ಲಿಗಂಟ ಹೋಗಿ ಹೇಳಿ ಬಂದ್ಯಾ?'

'ಅಪ್ಪಾ, ಅವರು ಕೊಟ್ಟ ಪಕ್ಷ ಮಾತಾಡ್ಬೇಕು. ಅದೇ ಚರ್ಚೆ.'

'ಯಾರೋ ಕೊಟ್ಟಿದ್ದು ಮಾತಾಡಾಕೆ ನಾನು ಬೆಳೆ ಬಿಡ್ಬೇಕಿತ್ತಾ? ನಿಂದು ನೀನು ಮಾತಾಡ್ತೀಯಾ ಅಂತ ಬಿಟ್ಟೆ.'

'ಆಡಿದ್ದೆಲ್ಲಾ ನಂದೇ. ಪಕ್ಷ ಮಾತ್ರ ಅವರ್ದು.'

'ಹಂಗಾದ್ರೆ ಇನ್ನೂ ತಪ್ಪು.'

ಪ್ರಾಂಶುಪಾಲರು ಈ ಬಿರುಕನ್ನು ಕಂಡು ಚೇತರಿಸಿಕೊಂಡು ರಾಷ್ಟ್ರಗೀತೆ ಎಂದು ಕೂಗಿದರು. ಎಲ್ಲರೂ ಎದ್ದರು. ಗೀತೆ ಮುಗಿದ ಕೂಡಲೇ ಅಪ್ಪ ಮಗಳು ಬಿಟ್ಟಲ್ಲಿಂದ ಮುಂದುವರಿಸಿದರು.

ಪತ್ರಿಕೆಯ ತಿದ್ದುಪಡಿ ಇಂದಿಗೂ ಬಂದಿಲ್ಲ. ಫಲಕ ಕಾಲೇಜಿನ ಗಾಜಿನ ಕಪಾಟಿನಲ್ಲಿದೆ. ಮೊದಲು ಬಂದವಳನ್ನು ಏಕೆ ಕೂರಿಸಿದಿರಿ ಎಂಬ ಪ್ರಶ್ನೆಗೆ ಪ್ರಾಂಶುಪಾಲರಾಗಲಿ, ಅವರ ನಂತರ ಬಂದವರಾಗಲಿ ಉತ್ತರ ಕೊಟ್ಟಿಲ್ಲ. ವಿಶ್ವವಿದ್ಯಾಲಯಕ್ಕೆ ಹೋಗಿ ಓದಿ ಬಂದ ಮೇಲೂ ನಾನು ಕೇಳುತ್ತಲೇ ಇದ್ದೇನೆ. ಅವರು ನಾಳೆ ಎನ್ನುತ್ತಲೇ ಇದ್ದಾರೆ.

ಅಂದು ನಾನು ಅವರಿಬ್ಬರ ಜೊತೆ ಬಸ್‌ಸ್ಟ್ಯಾಂಡಿನವರೆಗೆ ಹೋಗಿದ್ದೆ. ದಾರಿಯುದ್ದಕ್ಕೂ ವಾದ ನಡೆದೇ ಇತ್ತು. ಅಪ್ಪ ಸೋಡಾ ಅಂಗಡಿಯ ಮುಂದೆ ನಿಂತು ಒಂದು ಅಂಶ ಸೇರಿಸಿದರು, ಮಗಳು ಅದನ್ನು ಕಲ್ಯಾಣದುರ್ಗದ ಬಸ್ಸಿನ ಮೆಟ್ಟಿಲ ಬಳಿ ಕತ್ತರಿಸಿದಳು. ಇಬ್ಬರ ದನಿಯೂ ಏರಿತ್ತು. ಕಿಟಕಿಯ ಪಕ್ಕ ಕೂತ ಅಪ್ಪನನ್ನು ಪಕ್ಕದ ಸೀಟಿನ ಮುದುಕರೊಬ್ಬರು, ಏನ್ರಿ ಜಗಳ, ಮಗಳು ಏನು ಮಾಡಿದಳು ಎಂದು ಕೇಳಿದರು.

'ಇಂಗ್ಲೆಂಡ್‌ನಾಗೆ ಮಾತಾಡಿ ಬಂದವಳೆ' ಎಂದರು ಅವರು, ಇಡೀ ಬಸ್ಸಿಗೆ ಕೇಳುವಂತೆ. 'ತಪ್ಪು ಮಾತಾಡವಳೆ. ಆದ್ರೆ ಮಾತಾಡವಳೆ.'